ಮೂರನೇ ಸಾಲಿಗೂ ಇಪ್ಪತ್ತೆಂಟನೇ ಸಾಲಿಗೂ ನಡುವೆ

ಕ್ರಿಸ್ತಶಕ ೨೪೧೭, ಫೆಬ್ರವರಿ ೩೧, ಬೆಳಗಿನ ಇಪ್ಪತ್ತೈದು ಗಂಟೆ

ಇನ್ನೂ ಯಾರೂ ಕರೆಯದಿದ್ದರೂ ಎದ್ದು ನಿಂತು, ಮುಂದಿನವರ ಬೆನ್ನಚೀಲಕ್ಕೆ ಮೂಗು ತಾಗಿಸಿಕೊಂಡು, ಗೇಟ್ ನಂಬರ್ ನಾಲ್ಕರ ಎದುರು ಸಾಲುಗಟ್ಟಿರುವ ಅಗ್ಗದ ವಿಮಾನಗಳ ಮಹಾಜನಗಳೇ. ಕೈಚೀಲ ಏಳೇ ಕಿಲೋ ಇದೆಯೆಂದು ದೇವರಾಣೆ ಮಾಡಲು ಸಿದ್ಧರಾಗಿರುವ ಮಾತೆಯರೇ. ಮೂರು ಅಂಗಿ, ಎರಡು ಸ್ವೆಟರು ಒಂದರ ಮೇಲೊಂದು ತೊಟ್ಟು, ಚೀಲದ ಭಾರವನ್ನು ಮೈಗೆ ವರ್ಗಾಯಿಸಿಕೊಂಡು ಬೆವರುತ್ತಿರುವ ಮಹನೀಯರೇ: ನಿಮಗೆಲ್ಲ ನಾಲ್ಕು ಶತಮಾನಗಳ ಮುಂದಿನಿಂದ ನನ್ನ ನಮಸ್ಕಾರ.

ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಮಾತು ಬಹಳ ಸವೆದಿದೆ. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ಹಳೆಯ ಲಗ್ನಪತ್ರಿಕೆಗಳಿಂದ. ಆದ್ದರಿಂದ ಬೇಡವೆಂದರೂ ಅಲ್ಲಲ್ಲಿ ಪ್ರಾಸ ನುಸುಳುತ್ತದೆ, ಕೆಲವೊಮ್ಮೆ ಅರ್ಥವನ್ನೇ ನುಂಗುತ್ತದೆ. ನಮ್ಮಲ್ಲಿ ಪ್ರಾಸ ಬರೆದವರಿಗೆ ದಂಡವಿಲ್ಲ. ಓದಿದವರಿಗೆ ಮಾತ್ರ ಸ್ವಲ್ಪ ದಂಡನೆ.

ನಾನು ಬಾನಗಾಡಿ ನಿಗಮದ ಹಳೆಕಡತ ವಿಭಾಗದಲ್ಲಿ ಎರಡನೇ ದರ್ಜೆಯ ಗುಮಾಸ್ತ. ನೀವು ವಿಮಾನ ಅನ್ನುವುದನ್ನು ನಾವು ಬಾನಗಾಡಿ ಅನ್ನುತ್ತೇವೆ. ಬಾನಗಾಡಿ ಹತ್ತುವ ದಿನ ನಮ್ಮವರು ಮನೆಯಲ್ಲಿ ನಿಧಾನವಾಗಿ ತಿಂಡಿ ತಿಂದು, ಎರಡನೇ ಲೋಟ ಚಹಾ ಕುಡಿದು, ಗ್ಯಾಸು ಆರಿಸಿದ್ದೇವೆಯೇ ಎಂದು ವಾಪಸು ಬಂದು ನೋಡಿ, ಆಮೇಲೆ ಹೊರಡುತ್ತಾರೆ. (ಗ್ಯಾಸು ಹೋಗಿ ಇನ್ನೂರು ವರ್ಷವಾಯಿತು, ವಾಪಸು ಬಂದು ನೋಡುವ ಅಭ್ಯಾಸ ಹೋಗಿಲ್ಲ.) ನಿಲ್ದಾಣದಲ್ಲಿ ಸಾಲು ಎಂಬುದಿಲ್ಲ, ಒಂದು ಉದ್ದನೆಯ ಕಟ್ಟೆಯಿದೆ. ಅದರ ಮೇಲೆ ಕೂತು ಕಾಲು ಆಡಿಸುತ್ತೇವೆ. ಹತ್ತಿಸುವ ಸಿಬ್ಬಂದಿಗೆ ಹತ್ತಾಳು ಎಂದು ಹೆಸರು. ಅವನು ಟಿಕೆಟ್ ಕೇಳುವುದಿಲ್ಲ, ಗುರುತಿನ ಚೀಟಿ ಕೇಳುವುದಿಲ್ಲ, ಚೀಲವನ್ನು ಕಬ್ಬಿಣದ ಪಂಜರದೊಳಗೆ ತುರುಕಿ ನೋಡುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾನೆ: ಯಾರ ಜೊತೆ?

ನಮ್ಮ ಸೀಟುಗಳಿಗೆ ನಂಬರುಗಳಿಲ್ಲ. ಜೊತೆಗೆ ಬಂದವರಿಗೆ ಕೂಡುಕುರ್ಚಿ. ಅದರ ನಡುವೆ ಮೊಣಕೈ ಜಗಳಕ್ಕೆ ಆಸ್ಪದ ಕೊಡುವ ಹಿಡಿ ಇರುವುದಿಲ್ಲ. ಒಬ್ಬರೇ ಬಂದವರಿಗೆ ಕೇಳುಗಾಸನ. ಅಲ್ಲಿ ಪಕ್ಕದಲ್ಲಿ ನಿಗಮವೇ ನೇಮಿಸಿದ ಹಿರಿಯರೊಬ್ಬರು ಕೂತಿರುತ್ತಾರೆ, ನಾವು ಹೇಳಿದ್ದನ್ನು ಕೇಳುತ್ತಾರೆ, ತಿರುಗಿ ತಮ್ಮ ಮಂಡಿನೋವಿನ ಕತೆ ಹೇಳುವುದಿಲ್ಲ. ಜಗಳ ಆಡಿಕೊಂಡು ಬಂದ ಗಂಡಹೆಂಡಿರ ನಡುವೆ ತೆಳ್ಳಗಿನ ಬಟ್ಟೆಯ ಮುನಿಸುಪರದೆ ಇಳಿಬಿಡುತ್ತಾರೆ. ಮೋಡ ದಾಟುವಷ್ಟರಲ್ಲಿ ಅದನ್ನು ಇಬ್ಬರಲ್ಲಿ ಒಬ್ಬರು ತಾವೇ ಸರಿಸುತ್ತಾರೆ. ಯಾರು ಸರಿಸಿದರು ಎಂಬುದರ ಮೇಲೆ ಮನೆಗೆ ಹೋದ ಮೇಲೆ ಇನ್ನೊಂದು ಜಗಳ. ಗಾಡಿ ಏಳುವ ಮುನ್ನ ಹತ್ತಾಳು ರಾಗವಾಗಿ ಒಂದು ಪದ ಹೇಳುತ್ತಾನೆ, ಮಕ್ಕಳೆಲ್ಲ ಅದಕ್ಕೆ ದನಿಗೂಡಿಸುತ್ತಾರೆ:

ಹಿಂದಿನವರು ಮೊದಲು, ಮುಂದಿನವರು ಕೊನೆಗೆ,
ಕೂಡಿ ಬಂದವರೆಲ್ಲ ಕೂಡಿಯೇ ಮನೆಗೆ.

ಇದಕ್ಕೆ ಕಾರಣ ಜೊತೆ ಕಾಯ್ದೆ. ಒಟ್ಟಿಗೆ ಬಂದವರನ್ನು ಯಾವ ಯಂತ್ರವೂ, ಯಾವ ದರಪಟ್ಟಿಯೂ ಬೇರೆ ಕೂರಿಸಕೂಡದು ಎಂಬುದು ಆ ಕಾಯ್ದೆಯ ಒಂದೇ ಒಂದು ವಾಕ್ಯ. ಅದು ಬಂದದ್ದು ನಿಮ್ಮ ಕಾಲದ ಒಂದು ಸಣ್ಣ ಪ್ರಸಂಗದಿಂದ. ನಮ್ಮ ನಾಲ್ಕನೇ ತರಗತಿಯ ಪುಸ್ತಕದಲ್ಲಿ ಅದೊಂದು ಪಾಠ. ಪಾಠದ ಕೊನೆಗೆ ಮಕ್ಕಳು ಯಾಕೆ ಅಳುತ್ತಾರೆ ಎಂದು ನಿಮಗೆ ತಿಳಿಯಲಿ ಅಂತಲೇ ಈ ಕಾಗದ.

ಮೊದಲು ನಿಮ್ಮ ಹತ್ತುವ ವಿಧಿಯನ್ನು ನಾವು ಹೇಗೆ ಅರ್ಥ ಮಾಡಿಕೊಂಡಿದ್ದೇವೆ ಎಂದು ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ಅಗ್ಗದ ವಿಮಾನದಲ್ಲಿ ಟಿಕೆಟ್ ಕೊಂಡರೆ ವಿಮಾನದೊಳಗೆ ಹೋಗಬಹುದಿತ್ತು, ಆದರೆ ಎಲ್ಲಿ ಕೂರುವುದು ಎಂಬುದು ಬೇರೆ ವ್ಯಾಪಾರ. ಕಿಟಕಿಗೊಂದು ದರ, ಕಾಲು ಚಾಚಲು ಇನ್ನೊಂದು ದರ, ಬೇಕಾದವರ ಪಕ್ಕ ಕೂರಲು ಮತ್ತೊಂದು ದರ. ಏನೂ ಕೊಡದವರಿಗೆ ಯಂತ್ರ ತನಗೆ ತೋಚಿದ ಸೀಟು ಕೊಡುತ್ತಿತ್ತು. ಒಟ್ಟಿಗೆ ಟಿಕೆಟ್ ಕೊಂಡವರನ್ನು ಅದು ಹುಡುಕಿ ಹುಡುಕಿ ದೂರ ಮಾಡುತ್ತಿತ್ತೆಂದು ನಮ್ಮಲ್ಲಿ ಒಂದು ಪಂಥ ವಾದಿಸುತ್ತದೆ. ಪಾಪ, ಯಂತ್ರಕ್ಕೆ ಅಷ್ಟು ಬುದ್ಧಿ ಎಲ್ಲಿಂದ, ಸುಮ್ಮನೆ ಚೆಲ್ಲುತ್ತಿತ್ತು ಎಂದು ಇನ್ನೊಂದು ಪಂಥ. ಕೊನೆಯ ಸಾಲಿನವರನ್ನು ಮೊದಲು ಕರೆಯುತ್ತಿದ್ದರು, ಮೊದಲ ಸಾಲಿನವರನ್ನು ಕೊನೆಗೆ. ಕರೆದವರು ಹೋಗುತ್ತಿದ್ದರು, ಕರೆಯದವರೂ ಹೋಗುತ್ತಿದ್ದರು. ಇಳಿಯುವಾಗ ಚಕ್ರ ನೆಲ ಮುಟ್ಟಿದ ಕ್ಷಣವೇ ಎಲ್ಲರೂ ಎದ್ದು, ಕತ್ತು ಓರೆ ಮಾಡಿಕೊಂಡು, ಇಪ್ಪತ್ತು ನಿಮಿಷ ಹಾಗೆಯೇ ನಿಲ್ಲುತ್ತಿದ್ದರು. ಇದು ಯಾವ ದೇವರ ಸೇವೆಯೆಂದು ಇನ್ನೂ ಗೊತ್ತಾಗಿಲ್ಲ.

ಈಗ ಪಾಠಕ್ಕೆ ಬರುತ್ತೇನೆ.

ಗದಗದಲ್ಲಿ ಪಂಚಾಕ್ಷರಿ ಹೊಸಮನಿ ಎಂಬ ಒಬ್ಬನಿದ್ದ. ವಯಸ್ಸು ನಲವತ್ತೈದು, ಬಿ.ಎ., ಕನ್ನಡ ಮಾಧ್ಯಮ, ಎರಡನೇ ದರ್ಜೆ. ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ನಡೆಸುತ್ತಿದ್ದ. ಪತ್ರಿಕೆಯ ಕೆಳಗೆ ಎರಡು ಸಾಲಿನ ಪ್ರಾಸಪದ್ಯ ಹೊಸೆದು ಹಾಕುವುದು ಅವನ ವೈಶಿಷ್ಟ್ಯ. ಅದಕ್ಕಾಗಿ ಬರುವ ಗಿರಾಕಿಗಳಿದ್ದರು, ದಯವಿಟ್ಟು ಅದೊಂದು ಬೇಡ ಎನ್ನುವ ಗಿರಾಕಿಗಳೂ ಇದ್ದರು. ಅವನ ಹೆಂಡತಿ ನೀಲಾಂಬಿಕಾ. ಹತ್ತೊಂಬತ್ತು ವರ್ಷದಿಂದ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಅವನು ಅಚ್ಚಿನ ಕರಡು ಓದುವುದು, ಅವಳು ಪತ್ರಿಕೆ ಮಡಚುವುದು. ನಿಜ ಹೇಳಬೇಕೆಂದರೆ ಪದ್ಯದಲ್ಲಿ ಅವನದು ಮೊದಲ ಸಾಲು ಮಾತ್ರ. ಅವನು "ಬನ್ನಿ ಬಂಧುಗಳೇ, ಉಣ್ಣಿ ಹೋಳಿಗೆ" ಎಂದು ಬರೆದು ಪೆನ್ನು ಕಚ್ಚುತ್ತಾ ಕೂತರೆ, ಅವಳು ಮಡಚುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆ, "ಹರಸಿ ಹೋಗಿರಿ ಇವರ ಬಾಳಿಗೆ. ಬರಕೋರಿ, ಆಮ್ಯಾಲ ಮರೀತೀರಿ" ಅನ್ನುತ್ತಿದ್ದಳು. ಊರು ಅವನನ್ನು ಕವಿ ಅನ್ನುತ್ತಿತ್ತು. ಅವನೂ ಬೇಡ ಅನ್ನುತ್ತಿರಲಿಲ್ಲ.

ಆ ವರ್ಷ ನೀಲಾಂಬಿಕಾಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಇಲ್ಲಿನ ಡಾಕ್ಟರು ಚೀಟಿ ಬರೆದು, ಮುಂಬಯಿಗೆ ಕರೆದುಕೊಂಡು ಹೋಗಿ, ರೈಲಿನಲ್ಲಿ ಅಷ್ಟು ಹೊತ್ತು ಕೂರಿಸಬೇಡಿ, ವಿಮಾನದಲ್ಲಿ ಹೋಗಿ ಅಂದರು. ಇಬ್ಬರಿಗೂ ಅದು ಮೊದಲ ವಿಮಾನ. ಮೊಬೈಲಿನಲ್ಲಿ ಸೀಟು ಆರಿಸುವ ಪುಟ ತೆರೆದುಕೊಂಡಾಗ ಅವಳು ಅವನ ಭುಜದ ಮೇಲಿಂದ ಇಣುಕಿದಳು.

"ಪಕ್ಕಪಕ್ಕದ್ದು ತಗೋರಿ. ಏರೂ ಮುಂದ ನನಗ ಜೀವ ಕೈಯಾಗ ಬರ್ತೈತಿ. ಕೈ ಹಿಡ್ಕೊಳ್ಳಾಕ ನೀವು ಬಾಜೂಕ ಇರಬೇಕು. ಅದೊಂದ ಮಾಡ್ರಿ, ಆಸ್ಪತ್ರ್ಯಾಗ ಏನ್ ಮಾಡಿದ್ರೂ ನಾ ಬಾಯಿ ಮುಚ್ಕೊಂಡು ಮಾಡಿಸ್ಕೊಂತೀನಿ."

"ಕುಂಡ್ರಾಕೂ ರೊಕ್ಕ ಕೇಳ್ತಾರಲ್ಲೇ ಇವರು! ಗಜೇಂದ್ರಗಡದ ಬಸ್ಸಿನಾಗ ನಾವು ಎಂದರ ಸೀಟು ಆರಿಸೇವೇನು? ಒಳಗ ಹೋಗಿ ಒಂದ್ ಮಾತು ಹೇಳಿದ್ರ ಯಾರರ ಅಡ್ಜಸ್ಟ್ ಮಾಡ್ಕೊಂತಾರ ತಗೋ."

ಅಡ್ಜಸ್ಟ್ ಎಂಬ ಶಬ್ದವನ್ನು ಇಲ್ಲಿ ವಿವರಿಸಬೇಕು, ನಮ್ಮ ಕಾಲದಲ್ಲಿ ಅದು ಉಳಿದಿಲ್ಲ. ಮೂವರು ಕೂರುವಲ್ಲಿ ನಾಲ್ಕನೆಯವನು ಕೂರುವುದು, ನಾಲ್ಕನೆಯವನ ತೊಡೆಯ ಮೇಲೆ ಐದನೆಯವನ ಕೂಸು ಕೂರುವುದು, ಕೂಸಿನ ಕೈಗೆ ಆರನೆಯವರು ಬಾಳೆಹಣ್ಣು ಕೊಡುವುದು: ಇದಿಷ್ಟೂ ಸೇರಿ ಅಡ್ಜಸ್ಟ್. ಕನ್ನಡಿಗರು ಇದನ್ನು ಯಾವ ಚೀಟಿಗಿಂತಲೂ ಹೆಚ್ಚು ನಂಬುತ್ತಿದ್ದರು. ಹಾಗೆ ನಂಬಿ ಅವನು ಆ ಪುಟ ಮುಚ್ಚಿದ. ಯಂತ್ರ ಅವನಿಗೆ 3ಬಿ ಕೊಟ್ಟಿತು, ಅವಳಿಗೆ 28ಇ.

ಹೊರಡುವ ದಿನ ಅವನು ಎಲ್ಲ ನಿಯಮಗಳನ್ನೂ ಓದಿಕೊಂಡು ಬಂದಿದ್ದ. ಓದಿದ್ದು ಹೆಚ್ಚಾಗಿ, ಗೇಟಿನ ಹತ್ತಿರವೇ ಅವಳ ಫೋನು ಆರಿಸಿಬಿಟ್ಟಿದ್ದ. ಇಪ್ಪತ್ತನೇ ಸಾಲಿನಿಂದ ಹಿಂದಿನವರು ಬನ್ನಿ ಎಂದು ಕರೆದಾಗ ಅವಳು ಅವನ ಮುಖ ನೋಡಿದಳು. "ನಡೀ ನೀ, ನಾ ಒಳಗ ಬಂದು ಅಡ್ಜಸ್ಟ್ ಮಾಡಸ್ತೀನಿ" ಅಂದ. ಅವಳು ಹೊಟ್ಟೆಗೆ ಒಂದು ಕೈ ಒತ್ತಿಕೊಂಡು, ಇನ್ನೊಂದರಲ್ಲಿ ರೊಟ್ಟಿಯ ಚೀಲ ಹಿಡಿದು, ಮೊದಲ ಬಸ್ಸು ಹತ್ತಿ ಹೋದಳು. ವಿಮಾನದವರೆಗೆ ಬಸ್ಸಿನಲ್ಲಿ ಒಯ್ಯುತ್ತಿದ್ದರಂತೆ. ಬಸ್ಸಿನಲ್ಲಿ ಹೋಗುವುದಾದರೆ ಮುಂಬಯಿಗೇ ಹೋಗಬಹುದಿತ್ತಲ್ಲ ಎಂದು ನಮ್ಮ ಮಕ್ಕಳು ಕೇಳುತ್ತಾರೆ.

ಇನ್ನೂ ಗೇಟಿನಲ್ಲೇ ಇದ್ದ ಅವನು ಸುಮ್ಮನೆ ನಿಲ್ಲಲಿಲ್ಲ. ಹಿಂದಿನ ಸಾಲಿನವನಾಗಿದ್ದೂ ಫೋನಿನಲ್ಲಿ ಮೆಣಸಿನಕಾಯಿ ಧಾರಣೆ ಕೂಗುತ್ತಾ ತಡ ಮಾಡಿಕೊಂಡಿದ್ದ ಬ್ಯಾಡಗಿಯ ವ್ಯಾಪಾರಿಯೊಬ್ಬ ಅಲ್ಲಿದ್ದ. ಅವನ ಚೀಟಿಯಲ್ಲಿ 28ಡಿ. ನೀಲಾಂಬಿಕಾಳ ಪಕ್ಕದ್ದೇ! ಪಂಚಾಕ್ಷರಿ ಕೈಮುಗಿದ. "ಸಾವಕಾರ್ರ, ನಮ್ಮ ಮನಿಯಾಕಿಗೆ ಆರಾಮಿಲ್ಲ. ನೀವು ನನ್ನ ಮೂರನೇ ಸಾಲಿನ ಸೀಟಿಗೆ ಹೋಗ್ರಿ, ನಾ ನಿಮ್ಮಲ್ಲೆ ಕುಂಡ್ರತೀನಿ."

"ಮುಂದಿನ ಸೀಟು ಬ್ಯಾಡ ಅನ್ನಾಕ ನಾ ಏನ್ ಹುಚ್ಚನ್ರಿ? ನಡ್ರಿ, ಅಡ್ಜಸ್ಟ್."

ಅದೇ ಹೊತ್ತಿಗೆ ಮೊದಲ ಬಸ್ಸಿನಲ್ಲಿ ನೀಲಾಂಬಿಕಾಳೂ ಸುಮ್ಮನಿರಲಿಲ್ಲ. "ಮೂರನೇ ಸಾಲಿನವ್ರು ಯಾರರ ಅದೀರೇನ್ರಿ?" ಎಂದು ಕಂಬ ಹಿಡಿದು ಕೇಳಿದಳು. ಮೂರನೇ ಸಾಲಿನವರಿಗೆ ಆ ಬಸ್ಸಿನಲ್ಲಿ ಕೆಲಸವೇ ಇರಲಿಲ್ಲ. ಆದರೆ ಕರೆಯದಿದ್ದರೂ ನುಗ್ಗಿ ಬಂದ ಧಾರವಾಡದ ಟೀಚರಮ್ಮ ಒಬ್ಬರಿದ್ದರು, ಅವರದು 3ಎ. "ಅವರು ಭಾಳ ಅಂಜುಗುಳಿ ಅದಾರ್ರಿ, ಏರೂ ಮುಂದ ನಾ ಬಾಜೂಕ ಇರಬೇಕು" ಎಂದು ಅವಳು ಗಂಡನ ಮೇಲೆ ಹಾಕಿ ಹೇಳಿದಳು. ಟೀಚರಮ್ಮ ನಕ್ಕು ಒಪ್ಪಿದರು. ಅವರು ಹಿಂದಿನ ಮೆಟ್ಟಿಲಿಂದ ಹತ್ತಿ 28ಇ ಸೀಟಿಗೆ ಹೋದರು. ಇವಳು ಮುಂದಿನ ಮೆಟ್ಟಿಲಿಂದ ಹತ್ತಿ 3ಎ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ರೊಟ್ಟಿಯ ಚೀಲ ಇಟ್ಟು, ಬಾಗಿಲು ನೋಡುತ್ತಾ ಕಾದಳು.

ಎರಡನೇ ಬಸ್ಸು ಬಂತು. ಪಂಚಾಕ್ಷರಿ ಹಿಂದಿನ ಮೆಟ್ಟಿಲು ಹತ್ತಿದ. ಅಚ್ಚರಿಗೊಳಿಸಬೇಕೆಂದು ಸದ್ದಿಲ್ಲದೆ ಹೋಗಿ 28ಡಿಯಲ್ಲಿ ಕೂತು, ಕಿಟಕಿ ಕಡೆ ತಿರುಗಿದ್ದ ಹೆಂಗಸಿನ ಕಿವಿಯ ಹತ್ತಿರ "ಏ ನೀಲಾ" ಅಂದ. ಟೀಚರಮ್ಮ ತಿರುಗಿದರು. ಮುಂದಿನ ಬಾಗಿಲಿನಿಂದ ಮೆಣಸಿನಕಾಯಿ ವ್ಯಾಪಾರಿ ಬಂದು, "ಚೀಲ ಸ್ವಲ್ಪ ತಗೀರಿ ತಂಗಿ" ಅಂದ. ನಾಲ್ವರಿಗೂ ಒಟ್ಟಿಗೇ ಎಲ್ಲ ತಿಳಿಯಿತು. ಇಬ್ಬರಿಗಾಗಿ ಇಬ್ಬರು ಅಡ್ಜಸ್ಟ್ ಮಾಡಿಕೊಂಡು, ಆ ಇಬ್ಬರು ಮತ್ತೆ ಅಷ್ಟೇ ದೂರ. ಅವನು ಎದ್ದು ನಿಂತ. ದಾರಿಯ ತುಂಬ ಜನ, ಜನರ ತಲೆಯ ಮೇಲೆ ಚೀಲ. ಜನ ಕೂರುವಷ್ಟರಲ್ಲಿ ಬಾಗಿಲು ಹಾಕಿತ್ತು. ಗಗನಸಖಿ ಬಂದು, ಸರ್, ಕೂತ್ಕೊಳ್ಳಿ, ಬೆಲ್ಟ್ ಹಾಕಿ, ಮೇಲೆ ಹೋದ ಮೇಲೆ ನೋಡೋಣ ಅಂದಳು. ಅವನು ಕೂತ. ಇಪ್ಪತ್ತೈದು ಸಾಲುಗಳ ಆಚೆ ಒಂದು ಕೈ ಸೀಟಿನ ಮೇಲೆದ್ದು, ಬಳೆ ಜಾರಿಸಿಕೊಂಡು, ಅವನಿಗೆ ಕಾಣಲೆಂದು ಆಡಿತು. ಅವನೂ ಕೈ ಎತ್ತಿದ. ವಿಮಾನ ಏರಿತು.

ಏರುವಾಗ ಅವಳು ವ್ಯಾಪಾರಿಯ ಕೈ ಹಿಡಿದುಕೊಂಡಳಂತೆ. ಮುಂಬಯಿಯಲ್ಲಿ ಚೀಲ ಬರುವ ಪಟ್ಟಿಯ ಹತ್ತಿರ ಆತ ತನ್ನ ಮಣಿಕಟ್ಟು ತೋರಿಸಿದ: "ಅಣ್ಣಾರ, ನೋಡ್ರಿಲ್ಲೆ, ಉಗುರು ಇನ್ನೂ ಮೂಡ್ಯಾವು. ತಂಗ್ಯಾರು ನನಗ 'ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾ' ಅಂದ್ರು. ನಾನೂ ಹೆದರಿದ್ದೆ, ಅವರಿಗೆ ಹೇಳಲಿಲ್ಲ."

ಆ ದಿನ ಆಕಾಶದಲ್ಲಿ ಗಾಳಿ ಜೋರಿತ್ತು. ಬೆಲ್ಟಿನ ದೀಪ ದಾರಿಯುದ್ದಕ್ಕೂ ಉರಿಯುತ್ತಲೇ ಇತ್ತು, ಯಾರೂ ಏಳುವಂತಿರಲಿಲ್ಲ. ಆದ್ದರಿಂದ ಅವನು ಅವಳ ಹತ್ತಿರ ಹೋಗಲಾಗಲಿಲ್ಲ ಎಂದು ನಮ್ಮ ಪಾಠದಲ್ಲಿದೆ. ಆದರೆ ಬಸ್ಸಿನ ಜನಕ್ಕೆ ಒಂದು ವಿದ್ಯೆ ಗೊತ್ತಿತ್ತು. ತುಂಬಿದ ಬಸ್ಸಿನಲ್ಲಿ ಹಿಂದಿನವರು ಕಂಡಕ್ಟರಿಗೆ ಕಾಸು ಕೊಡುವುದು ಕೈಯಿಂದ ಕೈಗೆ, ಟಿಕೆಟ್ ವಾಪಸು ಬರುವುದೂ ಕೈಯಿಂದ ಕೈಗೆ. ನೀಲಾಂಬಿಕಾ ಎರಡು ರೊಟ್ಟಿ, ಶೇಂಗಾ ಚಟ್ನಿ ಕಾಗದದಲ್ಲಿ ಸುತ್ತಿ ಹಿಂದಿನ ಸಾಲಿಗೆ ಕೊಟ್ಟಳು: "ಇಪ್ಪತ್ತೆಂಟರಾಗ ಕನ್ನಡಕದವ್ರು ಅದಾರ, ಮುಟ್ಟಿಸ್ರಿ." ಪೊಟ್ಟಣ ಹೊರಟಿತು. ಏಳನೇ ಸಾಲಿನಲ್ಲಿ ಅವಳ ಮಾತು ಹಿಂದಿ ಭಾಷೆಗೆ ತಿರುಗಿತು, ಹನ್ನೊಂದರಲ್ಲಿ ಮರಾಠಿಗೆ. ಹದಿನಾರರಲ್ಲಿ ಒಬ್ಬರು ಮೂಸಿ ನೋಡಿ, ಚಟ್ನಿಯೊಳಗ ಬಳ್ಳೊಳ್ಳಿ ಐತಿ ಎಂದು ಘೋಷಿಸಿದರು. ಗಗನಸಖಿ ಗಾಬರಿಯಾಗಿ ನೋಡುತ್ತಿದ್ದಂತೆ ಪೊಟ್ಟಣ ಅವಳ ಕೈಯಿಂದಲೇ ದಾಟಿ ಇಪ್ಪತ್ತೆಂಟಕ್ಕೆ ಮುಟ್ಟಿತು. ವಿಮಾನದ ಅರ್ಧ ಜನ ಚಪ್ಪಾಳೆ ತಟ್ಟಿದರು.

ಅವನಿಗೆ ಖುಷಿಯಾಯಿತು. ಮುಂದಿನ ಸೀಟಿನ ಹಿಂಬದಿಯಲ್ಲಿ, ವಾಂತಿ ಬಂದರೆ ಇರಲೆಂದು ಒಂದು ಕಾಗದದ ಚೀಲ ಇಟ್ಟಿರುತ್ತಿದ್ದರು. ಅದನ್ನು ತೆಗೆದು, ಪೆನ್ನು ಹಿಡಿದು, "ಮುಂದೆ ನೀ ಕೂತೆ, ಹಿಂದೆ ನಾ ಕೂತೆ" ಎಂದು ಬರೆದು ಮುಂದಕ್ಕೆ ಕಳಿಸಿದ. ಚೀಲ ಸಾಲು ಸಾಲು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ವಾಪಸು ಬಂತು. ಕೆಳಗೆ ಅವಳ ದುಂಡನೆಯ ಅಕ್ಷರ: "ರೊಟ್ಟಿ ತಿನ್ರಿ ಮೊದಲು, ಆಮ್ಯಾಲ ಕವಿತೆ."

ಈ ಎರಡು ಸಾಲು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಆ ಚೀಲವನ್ನು ನಿಗಮದ ಸಂಗ್ರಹಾಲಯದಲ್ಲಿ ಗಾಜಿನೊಳಗೆ ಇಟ್ಟಿದ್ದೇವೆ. ಆಕೆ ಮತ್ತೆಂದೂ ವಿಮಾನದಲ್ಲಿ ಕೂರಲಿಲ್ಲ. ಅದನ್ನು ತಿಳಿದು ನಮ್ಮ ಹಿರಿಯರು ಜೊತೆ ಕಾಯ್ದೆ ಮಾಡಿದರು.

ಮಹಾಜನಗಳೇ, ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಕಾಲದಲ್ಲಿ ಆ ಕಾಯ್ದೆ ಇಲ್ಲ, ಬರುವುದು ತಡ. ಅಲ್ಲಿಯವರೆಗೆ ಯಾರಾದರೂ ಕೈಮುಗಿದು ಸೀಟು ಕೇಳಿದರೆ ಕೊಡಿ. ಯಾರಾದರೂ ಪಕ್ಕಕ್ಕೆ ಬಾ ಎಂದರೆ ಹೋಗಿ. ಗಾಳಿ ಜೋರಿತ್ತು, ದೀಪ ಉರಿಯುತ್ತಿತ್ತು, ಆ ಬಡಪಾಯಿ ಏನು ಮಾಡಲು ಸಾಧ್ಯವಿತ್ತು ಎಂದು ನಮ್ಮ ಪಾಠ ಹೇಳುತ್ತದೆ, ಆದರೆ

ಇಲ್ಲ. ಸಾಕು.

ದೀಪ ಆರಿತ್ತು. ಏರಿದ ಹದಿನೈದು ನಿಮಿಷಕ್ಕೇ ಆರಿತ್ತು. ಜನ ಎದ್ದು ಓಡಾಡುತ್ತಿದ್ದರು. ಯಾವ ಕಾಯ್ದೆಯೂ ಇಲ್ಲ, ನಿಗಮವೂ ಇಲ್ಲ. ಪಂಚಾಕ್ಷರಿ ನಾನೇ. ಆ ಚೀಲ ಪ್ರೆಸ್ಸಿನ ಬೆಂಚಿನ ಮೇಲೆ, ನನ್ನ ಎದುರಿಗಿದೆ. ಅದರ ಮೇಲೆ ಇರುವುದು ಎರಡು ಸಾಲಲ್ಲ, ಮೂರು. ಮೂರನೆಯದಕ್ಕೆ ಪ್ರಾಸವಿಲ್ಲ: "ದೀಪ ಆರೇತಿ. ಬರ್ರಿ."

ಟೀಚರಮ್ಮನೂ ಓದಿದರು. "ಏಳ್ರಿ, ನಾ ಹೋಗಿ ಅವರನ್ನ ಇಲ್ಲಿಗೇ ಕಳಸ್ತೀನಿ" ಎಂದು ಬೆಲ್ಟು ಬಿಚ್ಚಿದರು. ಅಷ್ಟರಲ್ಲಿ ಹಿಂದಿನ ಸಾಲಿನವರು, ಕವಿಗಳು ಕಾಣಸ್ತದ, ಇನ್ನೊಂದು ಹೇಳ್ರಿ ಅಂದರು. ನನಗೆ ಇನ್ನೊಂದು ಹೊಳೆದಿತ್ತು. ಎಲ್ಲರೂ ನನ್ನ ಕಡೆ ತಿರುಗಿದ್ದರು. "ಇರ್ಲಿ ಕುಂಡ್ರಿ ಮೇಡಂ, ಇನ್ನೇನ್ ಮುಕ್ಕಾಲು ತಾಸು. ಬರೂ ಮುಂದ ಒಟ್ಟಿಗೆ ಕುಂಡ್ರತೀವಿ" ಅಂದೆ.

ಹನ್ನೊಂದು ದಿನಕ್ಕೆ ಬಂದೆವು. ನನ್ನದು ಹದಿನಾಲ್ಕನೇ ಸಾಲು. ನೀಲಾ ಕೆಳಗೆ, ಪೆಟ್ಟಿಗೆಯಲ್ಲಿ, ಸರಕಿನ ಜೊತೆ.